ನೀರಿನೊಳಗೆ ಸಿಡಿದ ಗುಂಡು ಎಷ್ಟು ದೂರ ಹೋಗಬಲ್ಲದು?

(ಕಲಬುರಗಿಯಲ್ಲಿ ಪದವಿ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ವಿಜ್ಞಾನಾಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಅಂದು ಹಲಗೆಯ ಮೇಲೆ ಮಾಡಿ ತೋರಿಸಿದ ಲೆಕ್ಕಗಳನ್ನು ಇಲ್ಲಿ ವಾಕ್ಯಗಳಲ್ಲಿ ಬಿಡಿಸಿ ಹೇಳಿದ್ದೇನೆ.)

ಸಭಿಕ ಮಿತ್ರರೆ,

ಬಂದೂಕನ್ನು ನೀರಿನಲ್ಲಿ ಮುಳುಗಿಸಿ ಟ್ರಿಗರ್ ಒತ್ತಿದರೆ ಏನಾದೀತು ಎಂದು ಕೇಳಿದಾಗ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ಮದ್ದು ನೆನೆದುಹೋಗುವುದರಿಂದ ಗುಂಡು ಹಾರುವುದೇ ಇಲ್ಲ ಎಂಬುದು ಒಂದು. ಹಾರುತ್ತದೆ, ಆದರೆ ಗಾಳಿಯಲ್ಲಿ ಹೋಗುವುದಕ್ಕಿಂತ ಸ್ವಲ್ಪ ಕಡಿಮೆ ದೂರ ಹೋಗುತ್ತದೆ, ಹೆಚ್ಚು ವೇಗದ ಬಂದೂಕಾದರೆ ಹೆಚ್ಚು ದೂರ ಹೋದೀತು ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ಇವುಗಳಲ್ಲಿ ಎರಡನೆಯ ಉತ್ತರ ಎಲ್ಲಿ ತಪ್ಪುತ್ತದೆ ಎಂಬುದನ್ನು ತಿಳಿದುಕೊಂಡರೆ ದ್ರವಗಳಲ್ಲಿ ಕಾಯಗಳ ಚಲನೆಯ ಬಗ್ಗೆ ಬಹಳಷ್ಟು ತಿಳಿದಂತಾಗುತ್ತದೆಯಾದ್ದರಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇನೆ. ನಾನು ಹೇಳಬೇಕೆಂದಿರುವುದು ಇಷ್ಟು: ನೀರಿನಲ್ಲಿ ಗುಂಡು ಎಷ್ಟು ದೂರ ಸಾಗುತ್ತದೆ ಎಂಬುದು ಅದರ ವೇಗವನ್ನು ಬಹುಮಟ್ಟಿಗೆ ಅವಲಂಬಿಸಿಲ್ಲ, ಅದನ್ನು ತೀರ್ಮಾನಿಸುವುದು ಗುಂಡಿನ ಉದ್ದ, ಸಾಂದ್ರತೆ ಮತ್ತು ಮೂತಿಯ ಆಕಾರ.

ಮೊದಲು ಮದ್ದಿನ ವಿಚಾರ. ಒಲೆಯ ಕಟ್ಟಿಗೆಗೆ ಹೊರಗಿನ ಗಾಳಿಯಿಂದ ಆಮ್ಲಜನಕ ಬೇಕು; ಬಂದೂಕಿನ ಮದ್ದಿಗೆ ಬೇಡ. ಹಳೆಯ ಕರಿಮದ್ದಿನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು ಮತ್ತು 10 ಭಾಗ ಗಂಧಕ ಇರುತ್ತವೆ. ಪೆಟ್ಲುಪ್ಪು ಎಂದರೆ ಪೊಟ್ಯಾಸಿಯಂ ನೈಟ್ರೇಟ್, ಮತ್ತು ಉರಿಯಲು ಬೇಕಾದ ಆಮ್ಲಜನಕವೆಲ್ಲ ಅದರೊಳಗೇ ಅಡಗಿದೆ. ಈಗಿನ ಹೊಗೆರಹಿತ ಮದ್ದಿನ ಮುಖ್ಯ ಘಟಕವಾದ ನೈಟ್ರೊಸೆಲ್ಯುಲೋಸಿನಲ್ಲಂತೂ ಆಮ್ಲಜನಕ ಅದೇ ಅಣುವಿನ ಭಾಗವಾಗಿದೆ. ಗಾಳಿಯಿಲ್ಲದೆಡೆ ಮದ್ದು ಸಿಡಿಯುತ್ತದೆ ಎಂಬುದಕ್ಕೆ ನಮ್ಮ ಭಾಗದ ಇತಿಹಾಸದಲ್ಲೇ ಹಳೆಯ ಸಾಕ್ಷ್ಯವಿದೆ. 1472ರಲ್ಲಿ ಬೀದರಿನ ಬಹಮನಿ ಪ್ರಧಾನಿ ಮಹಮೂದ್ ಗವಾನ್ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ, ಗೋಡೆಯ ಬುಡಕ್ಕೆ ಸುರಂಗ ತೋಡಿಸಿ, ಮದ್ದು ತುಂಬಿಸಿ ಸಿಡಿಸಿದನೆಂದು ಚರಿತ್ರಕಾರ ಫೆರಿಷ್ತಾ ಬರೆದಿದ್ದಾನೆ. ಮಣ್ಣಿನ ಅಡಿಯಲ್ಲಿ ಹೂತ ಮದ್ದಿಗೆ ಹೊರಗಿನ ಗಾಳಿ ಸಿಗುವಂತಿರಲಿಲ್ಲ. ಪೆಟ್ಲುಪ್ಪಿನಲ್ಲಿದ್ದ ಆಮ್ಲಜನಕವೇ ಸಾಕಾಯಿತು. ಬೀದರ್ ಕೋಟೆಯ ಮಣ್ಣಿನಲ್ಲಿ ಇಂಥ ನೈಟ್ರೇಟ್ ಲವಣಗಳ ಅಂಶವಿದೆಯೆಂದೂ, ಬಿದ್ರಿ ಕುಸುರಿಯ ಪಾತ್ರೆಗಳು ಕಪ್ಪಾಗಲು ಅದೇ ನೆರವಾಗುತ್ತದೆಂದೂ ಹೇಳುವುದನ್ನು ತಾವು ಕೇಳಿರಬಹುದು.

ಕರಿಮದ್ದಿನ ಪುಡಿ ನೀರು ತಾಗಿದರೆ ಕೆಡುವುದು ನಿಜ. ಆದರೆ ಇಂದಿನ ಕಾಡತೂಸಿನಲ್ಲಿ ಮದ್ದು ಹಿತ್ತಾಳೆಯ ಕೊಳವೆಯೊಳಗೆ ಭದ್ರವಾಗಿರುತ್ತದೆ. ಒಂದು ಕಡೆ ಗುಂಡು, ಇನ್ನೊಂದು ಕಡೆ ಕಿಡಿ ಹೊತ್ತಿಸುವ ಚಿಕ್ಕ ಟೋಪಿ, ಎರಡೂ ಬಿಗಿಯಾಗಿ ಕೂತಿರುತ್ತವೆ. ಹತ್ತು ಮೀಟರ್ ಆಳಕ್ಕೆ ಹೋದರೆ ಹೊರಗಿನ ಒತ್ತಡ ಹೆಚ್ಚುವುದು ಕೇವಲ ಒಂದು ವಾಯುಭಾರದಷ್ಟು, ಅಂದರೆ ಸಮುದ್ರಮಟ್ಟದಲ್ಲಿ ಗಾಳಿ ನಮ್ಮನ್ನು ಒತ್ತುವಷ್ಟು. ಸೈನ್ಯದ ರೈಫಲ್ ಸಿಡಿದಾಗ ಕಾಡತೂಸಿನೊಳಗೆ ಹುಟ್ಟುವ ಒತ್ತಡ ಸುಮಾರು 4,000 ವಾಯುಭಾರ. ಹೀಗಿರುವಾಗ ಸ್ಫೋಟವನ್ನು ತಡೆಯುವ ಶಕ್ತಿ ಈಜುಕೊಳದ ನೀರಿಗೂ ಇಲ್ಲ, ಸಮುದ್ರದ ನೀರಿಗೂ ಇಲ್ಲ.

ತೊಂದರೆ ಶುರುವಾಗುವುದು ನಳಿಗೆಯಲ್ಲಿ. ಮುಳುಗಿದ ಬಂದೂಕಿನ ನಳಿಗೆಯ ತುಂಬ ನೀರಿರುತ್ತದೆ ಮತ್ತು ಆ ನೀರನ್ನೆಲ್ಲ ಮುಂದಕ್ಕೆ ತಳ್ಳದೆ ಗುಂಡು ಹೊರಗೆ ಬರಲಾರದು. 5.56 ಮಿಲಿಮೀಟರ್ ಒಳವ್ಯಾಸದ, 45 ಸೆಂಟಿಮೀಟರ್ ಉದ್ದದ ನಳಿಗೆಯನ್ನು ತೆಗೆದುಕೊಳ್ಳಿ. ಅದರಲ್ಲಿ ಹಿಡಿಯುವ ನೀರಿನ ತೂಕ ಸುಮಾರು 11 ಗ್ರಾಂ. ಗುಂಡಿನ ತೂಕ ಸುಮಾರು 4 ಗ್ರಾಂ. ನೀರು ಕುಗ್ಗುವ ವಸ್ತುವಲ್ಲವಾದ್ದರಿಂದ ಆ ಕಂಬವೆಲ್ಲ ಗುಂಡಿನ ಜೊತೆಗೆ ಒಟ್ಟಾಗಿ ಚಲಿಸಬೇಕು. ಎಂದರೆ 4 ಗ್ರಾಂ ತಳ್ಳಲೆಂದು ಅಳೆದು ತುಂಬಿದ ಮದ್ದು ಈಗ 15 ಗ್ರಾಂ ತಳ್ಳಬೇಕಾಗಿದೆ. ಅದೇ ಶಕ್ತಿ ಅಷ್ಟು ತೂಕಕ್ಕೆ ಹಂಚಿಹೋದಾಗ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಗುಂಡು ನಿಧಾನವಾಗಿ ಮುಂದೆ ಸರಿಯುವುದರಿಂದ ಹಿಂದಿನ ಅನಿಲಕ್ಕೆ ಹಿಗ್ಗಲು ಜಾಗ ಸಿಗುವುದು ತಡವಾಗಿ, ಒಳಗಿನ ಒತ್ತಡ ನಳಿಗೆ ತಾಳಬಲ್ಲ ಮಿತಿಯ ಕಡೆಗೆ ಏರುತ್ತದೆ. ಪಿಸ್ತೂಲಿನ ಸ್ಥಿತಿ ಇಷ್ಟು ಕೆಟ್ಟದ್ದಲ್ಲ: 9 ಮಿಲಿಮೀಟರ್ ವ್ಯಾಸದ, 10 ಸೆಂಟಿಮೀಟರ್ ನಳಿಗೆಯಲ್ಲಿ ಆರೂವರೆ ಗ್ರಾಂನಷ್ಟು ನೀರು, ಗುಂಡು 8 ಗ್ರಾಂ.

ಪೂರ್ತಿ ಮುಳುಗಿದ ನಳಿಗೆಗಿಂತಲೂ ಅಪಾಯಕಾರಿಯಾದದ್ದು ಅರೆಬರೆ ನೀರಿರುವ ನಳಿಗೆ. ಹಿಂದಿನ ಭಾಗದಲ್ಲಿ ಗಾಳಿ, ಬಾಯಿಯ ಬಳಿ ಮಾತ್ರ ನೀರು ಇದ್ದರೆ ಗುಂಡು ಪೂರ್ಣ ವೇಗ ಪಡೆದ ಮೇಲೆ ನಿಂತ ನೀರಿಗೆ ಅಪ್ಪಳಿಸುತ್ತದೆ. ಆ ಕ್ಷಣದಲ್ಲಿ ಹುಟ್ಟುವ ಒತ್ತಡವನ್ನು ನೀರಿನ ಸಾಂದ್ರತೆ, ನೀರಿನಲ್ಲಿ ಶಬ್ದದ ವೇಗ ಮತ್ತು ಗುಂಡಿನ ವೇಗ ಈ ಮೂರನ್ನು ಗುಣಿಸಿ ಅಂದಾಜಿಸಬಹುದು. ಸೆಕೆಂಡಿಗೆ 900 ಮೀಟರ್ ವೇಗದ ಗುಂಡಿಗೆ ಅದು ಸುಮಾರು 13,000 ವಾಯುಭಾರ. ಕಾಡತೂಸಿನೊಳಗಿನ ಒತ್ತಡದ ಮೂರು ಪಟ್ಟಿಗೂ ಹೆಚ್ಚು. ಉಕ್ಕಿನ ನಳಿಗೆ ಅಲ್ಲಿ ಉಬ್ಬುತ್ತದೆ, ಕೆಲವೊಮ್ಮೆ ಸೀಳುತ್ತದೆ. ಕಿರಿದಾದ ನಳಿಗೆಯಲ್ಲಿ ಕೇಶಾಕರ್ಷಣೆಯಿಂದ ನೀರು ತಾನಾಗಿ ಸುರಿದುಹೋಗದೆ ಉಳಿಯುತ್ತದೆ. ಆದ್ದರಿಂದಲೇ ಹೊಳೆ ದಾಟಿದ ಮೇಲೆ ರೈಫಲಿನ ಮೂತಿಯನ್ನು ಕೆಳಗೆ ಮಾಡಿ, ಹಿಂಬದಿಯನ್ನು ತುಸು ತೆರೆದು, ಗಾಳಿ ಒಳಬಿಟ್ಟು ನೀರು ಬಸಿಯಬೇಕೆಂದು ಸೈನಿಕರಿಗೆ ಕಲಿಸುತ್ತಾರೆ.

ಇನ್ನು ಗುಂಡು ನಳಿಗೆಯಿಂದ ಹೊರಬಿದ್ದ ಮೇಲಿನ ಕಥೆ. ನೀರು ಗುಂಡನ್ನು ತಡೆಯುವುದು ಅದರ ಅಂಟುತನದಿಂದ ಎಂದು ಹಲವರು ಭಾವಿಸುತ್ತಾರೆ. ಈ ವೇಗಗಳಲ್ಲಿ ಅಂಟುತನದ ಪಾಲು ಬಹಳ ಕಡಿಮೆ. ತಡೆಯುವುದು ನೀರಿನ ಜಡತ್ವ. ಶರಣಬಸವೇಶ್ವರರ ಜಾತ್ರೆಯಲ್ಲಿ ತೇರಿನ ಮುಂದಿನ ಜನಸಂದಣಿಯಲ್ಲಿ ಓಡಲು ಹೊರಟವನು ಎದುರಿಗೆ ಬಂದ ಒಬ್ಬೊಬ್ಬರನ್ನೂ ಪಕ್ಕಕ್ಕೆ ಸರಿಸಬೇಕು, ಸರಿಸುವಾಗ ಪ್ರತಿಯೊಬ್ಬರಿಗೂ ತನ್ನ ಓಟದಲ್ಲಿ ಸ್ವಲ್ಪ ಪಾಲು ಕೊಡಬೇಕು. ಅವನು ಎಷ್ಟು ಜೋರಾಗಿ ಓಡುತ್ತಾನೋ ಸೆಕೆಂಡಿಗೆ ಅಷ್ಟು ಹೆಚ್ಚು ಜನ ಎದುರಾಗುತ್ತಾರೆ, ಮತ್ತು ಒಬ್ಬೊಬ್ಬರನ್ನೂ ಅಷ್ಟೇ ಹೆಚ್ಚು ಜೋರಾಗಿ ತಳ್ಳಬೇಕಾಗುತ್ತದೆ. ವೇಗ ಎರಡು ಸಲ ಲೆಕ್ಕಕ್ಕೆ ಬಂದಿತು. ಹೀಗಾಗಿ ತಡೆಯ ಬಲವು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಜೊತೆಗೆ ಅದು ಮಾಧ್ಯಮದ ಸಾಂದ್ರತೆಗೂ ಗುಂಡಿನ ಅಡ್ಡಕೊಯ್ತದ ವಿಸ್ತೀರ್ಣಕ್ಕೂ ಅನುಗುಣ. ನೀರು ಗಾಳಿಗಿಂತ 800 ಪಟ್ಟಿಗೂ ಹೆಚ್ಚು ಸಾಂದ್ರ.

ಅಂಕಿಗಳಿಗೆ ಬರೋಣ. 8 ಗ್ರಾಂ ತೂಕದ 9 ಮಿಲಿಮೀಟರ್ ಗುಂಡು ಸೆಕೆಂಡಿಗೆ 350 ಮೀಟರ್ ವೇಗದಲ್ಲಿ ನೀರಿನಲ್ಲಿ ಹೊರಟಿತೆನ್ನಿ. ಆಕಾರಕ್ಕೆ ತಕ್ಕಂತೆ ತಡೆ ಎಷ್ಟೆಂದು ಹೇಳುವ ಸಂಖ್ಯೆಯಾದ ರೋಧಾಂಕವನ್ನು 0.3 ಎಂದು ಇಟ್ಟುಕೊಂಡರೆ ಅದರ ಮೇಲಿನ ಬಲ ಸುಮಾರು 1,170 ನ್ಯೂಟನ್. ಇದು ಸ್ವತಃ ಗುಂಡಿನ ತೂಕದ ಸುಮಾರು 15,000 ಪಟ್ಟು. ಆದರೆ ಇದಕ್ಕಿಂತ ಕುತೂಹಲಕರವಾದದ್ದು ಮುಂದಿನ ಹೆಜ್ಜೆ. ಬಲವು ವೇಗದ ವರ್ಗಕ್ಕೆ ಅನುಗುಣವಾಗಿದ್ದಾಗ, ಗುಂಡು ಪ್ರತಿ ಸಮಾನ ದೂರದಲ್ಲೂ ತನ್ನಲ್ಲಿ ಉಳಿದ ವೇಗದ ಸಮಾನ ಭಾಗವನ್ನು ಕಳೆದುಕೊಳ್ಳುತ್ತದೆ. ನಮ್ಮ ಈ ಗುಂಡಿಗೆ ಪ್ರತಿ 58 ಸೆಂಟಿಮೀಟರಿಗೆ ವೇಗ ಅರ್ಧವಾಗುತ್ತದೆ, ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಎರಡೂವರೆ ಮೀಟರ್ ದಾಟುವಷ್ಟರಲ್ಲಿ ಸೆಕೆಂಡಿಗೆ 350 ಮೀಟರ್ ಇದ್ದದ್ದು 18 ಮೀಟರಿಗೆ ಬಂದಿರುತ್ತದೆ. ಅದೇ ರೋಧಾಂಕವನ್ನಿಟ್ಟು ಲೆಕ್ಕ ಹಾಕಿದರೆ ಗಾಳಿಯಲ್ಲಿ ವೇಗ ಅರ್ಧವಾಗಲು ಸುಮಾರು 480 ಮೀಟರ್ ಬೇಕು.

ಈಗ ಅದೇ ಗುಂಡನ್ನು ಎರಡು ಪಟ್ಟು ವೇಗದಿಂದ, ಅಂದರೆ ನಾಲ್ಕು ಪಟ್ಟು ಶಕ್ತಿ ಕೊಟ್ಟು ಹೊರಡಿಸಿದೆವೆಂದು ಭಾವಿಸಿ. ಮೊದಲ 58 ಸೆಂಟಿಮೀಟರಿನಲ್ಲಿ ಆ ಹೆಚ್ಚಿನ ವೇಗವೆಲ್ಲ ಕರಗಿ, ಅದು ಹಳೆಯ ಗುಂಡು ಹೊರಟಿದ್ದ ಸ್ಥಿತಿಗೆ ಬಂದು ನಿಲ್ಲುತ್ತದೆ. ನಾಲ್ಕು ಪಟ್ಟು ಶಕ್ತಿ ಸುರಿದು ನಾವು ಗಳಿಸಿದ್ದು 58 ಸೆಂಟಿಮೀಟರ್ ಮಾತ್ರ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಈ ಒಂದು ಲೆಕ್ಕದಲ್ಲಿದೆ. ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ಸ್ವತಃ ಬಿಡಿಸಿ ನೋಡಬೇಕೆಂದು ಕೋರುತ್ತೇನೆ. ಪಿಯುಸಿ ಮಟ್ಟದ ಕಲನಶಾಸ್ತ್ರ ಸಾಕು.

ನಾರ್ವೆಯ ಭೌತವಿಜ್ಞಾನಿ ಆಂಡ್ರಿಯಾಸ್ ವಾಲ್ 2016ರಲ್ಲಿ ಈಜುಕೊಳದಲ್ಲಿ ನಿಂತು, ನೀರಿನೊಳಗೆ ತನ್ನ ಕಡೆಗೇ ಗುರಿಯಿಟ್ಟ ರೈಫಲನ್ನು ಹಗ್ಗ ಎಳೆದು ತಾನೇ ಸಿಡಿಸಿದ್ದು ತಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಗುಂಡು ಅವರನ್ನು ತಲುಪುವ ಮೊದಲೇ ತಳಕ್ಕೆ ಬಿತ್ತು. ಯಾರೂ ಅನುಕರಿಸಬಾರದ ಪ್ರಯೋಗವದು. ಆದರೆ ಅವರು ನಂಬಿದ್ದು ಅದೃಷ್ಟವನ್ನಲ್ಲ, ಮೇಲೆ ಹೇಳಿದ ಲೆಕ್ಕವನ್ನು.

ವೇಗದ ಗುಂಡುಗಳ ಪಾಡು ಲೆಕ್ಕ ಹೇಳುವುದಕ್ಕಿಂತಲೂ ಕೆಟ್ಟದಾಗಿರುತ್ತದೆ, ಅದಕ್ಕೆ ಎರಡು ಕಾರಣಗಳಿವೆ. ಸೆಕೆಂಡಿಗೆ 900 ಮೀಟರ್ ವೇಗದ ಗುಂಡಿನ ಮೂತಿಯ ಮೇಲೆ ನೀರಿನ ಒತ್ತಡ ಸುಮಾರು 4,000 ವಾಯುಭಾರದಷ್ಟಿರುತ್ತದೆ. ಸೀಸದ ಮೇಲೆ ತಾಮ್ರದ ತೆಳು ಹೊದಿಕೆ ಹಾಕಿ ಮಾಡಿದ ಗುಂಡು ಅದನ್ನು ತಾಳಲಾರದೆ ಅಣಬೆಯಂತೆ ಅರಳುತ್ತದೆ ಅಥವಾ ಚೂರಾಗುತ್ತದೆ. ಸೆಕೆಂಡಿಗೆ 350 ಮೀಟರಿನಲ್ಲಿ ಆ ಒತ್ತಡ 600 ವಾಯುಭಾರ ಮಾತ್ರ. ಪಿಸ್ತೂಲಿನ ಗುಂಡು ಇಡಿಯಾಗಿ ಉಳಿಯುತ್ತದೆ. ಎರಡನೆಯ ಕಾರಣ ಗಿರಕಿ. ರೈಫಲಿನ ಸುರುಳಿಗೆರೆಗಳು ಗುಂಡನ್ನು ತಿರುಗಿಸಿ ಅದರ ಮೂತಿಯನ್ನು ಮುಂದಕ್ಕೇ ಹಿಡಿದಿಡುತ್ತವೆ. ಮೂತಿಯನ್ನು ಪಕ್ಕಕ್ಕೆ ತಿರುಗಿಸಲೆತ್ನಿಸುವ ಬಲ ನೀರಿನಲ್ಲಿ 800 ಪಟ್ಟಾಗುವುದರಿಂದ, ಅದನ್ನು ಎದುರಿಸಲು ಗಿರಕಿಯ ವೇಗ ಸುಮಾರು 28 ಪಟ್ಟು ಹೆಚ್ಚಬೇಕು, ಅದು ಅಸಾಧ್ಯ. ಹಾಗಾಗಿ ಚೂಪಾದ ರೈಫಲ್ ಗುಂಡು ನೀರಿಗಿಳಿದ ಕೆಲವೇ ಗೇಣಿನೊಳಗೆ ಅಡ್ಡ ತಿರುಗಿ, ತನ್ನ ಪಕ್ಕವನ್ನೇ ನೀರಿಗೆ ಒಡ್ಡಿ, ಮುರಿದು ನಿಲ್ಲುತ್ತದೆ. ಹೆಚ್ಚು ವೇಗದ ರೈಫಲ್ ಗುಂಡು ಒಂದು ಮೀಟರಿನೊಳಗೆ ಪುಡಿಯಾಗುವ ನೀರಿನಲ್ಲಿ ನಿಧಾನದ ಪಿಸ್ತೂಲ್ ಗುಂಡು ಎರಡು ಮೀಟರಿಗಿಂತ ಹೆಚ್ಚು ಸಾಗುವುದು ಹೀಗೆ. ಅಪರಾಧ ತನಿಖೆಯ ವಿಧಿವಿಜ್ಞಾನ ಪ್ರಯೋಗಾಲಯಗಳು ಇದರ ಉಪಯೋಗ ಪಡೆದಿವೆ. ಶಂಕಿತ ಪಿಸ್ತೂಲಿನಿಂದ ಉದ್ದನೆಯ ನೀರಿನ ತೊಟ್ಟಿಗೆ ಗುಂಡು ಹಾರಿಸಿ, ನಳಿಗೆಯ ಗೀರುಗಳು ಅಳಿಯದ ಗುಂಡನ್ನು ತೊಟ್ಟಿಯಿಂದ ಹೆಕ್ಕಿ, ಘಟನೆಯ ಸ್ಥಳದಲ್ಲಿ ಸಿಕ್ಕ ಗುಂಡಿನ ಜೊತೆ ಸೂಕ್ಷ್ಮದರ್ಶಕದಲ್ಲಿ ಹೋಲಿಸುತ್ತಾರೆ.

ಹಾಗಾದರೆ ನೀರಿನಲ್ಲಿ ದೂರ ಹೋಗಬೇಕೆಂದರೆ ಏನು ಮಾಡಬೇಕು? ಲೆಕ್ಕವನ್ನೇ ಕೇಳೋಣ. ವೇಗ ಅರ್ಧವಾಗುವ ದೂರವು ಗುಂಡಿನ ತೂಕವನ್ನು ಅದರ ಅಡ್ಡಕೊಯ್ತದಿಂದ ಭಾಗಿಸಿದ ಮೌಲ್ಯಕ್ಕೆ ಅನುಗುಣ. ತೂಕವನ್ನು ಅಡ್ಡಕೊಯ್ತದಿಂದ ಭಾಗಿಸಿದರೆ ಉಳಿಯುವುದು ಉದ್ದ ಮತ್ತು ಸಾಂದ್ರತೆಯ ಗುಣಲಬ್ಧ. ಕಾಯವೊಂದು ಮಾಧ್ಯಮದಲ್ಲಿ ಎಷ್ಟು ಒಳಹೋಗುತ್ತದೆಂಬುದು ಅದರ ಉದ್ದವನ್ನೂ ಎರಡರ ಸಾಂದ್ರತೆಗಳ ಅನುಪಾತವನ್ನೂ ಅವಲಂಬಿಸಿದೆಯೆಂಬ ಈ ಮಾತನ್ನು ನ್ಯೂಟನ್ನನ ಹೆಸರಿನಲ್ಲಿ ಹೇಳುವುದು ವಾಡಿಕೆ. ಬೀದರ್ ಕೋಟೆಯ ಮೂರು ಸಾಲಿನ ಕಂದಕ ನೋಡಿದವರು ಯೋಚಿಸಿ: 10 ಸೆಂಟಿಮೀಟರ್ ವ್ಯಾಸದ ಕಬ್ಬಿಣದ ತೋಪುಗುಂಡು ಅಂಥ ಕಂದಕದ ನೀರಿನೊಳಗೆ ಸಾಗಿದರೆ ಅದರ ವೇಗ ಅರ್ಧವಾಗಲು ಸುಮಾರು 2.2 ಮೀಟರ್ ಬೇಕು. ಪಿಸ್ತೂಲಿನ ಗುಂಡಿಗಿಂತ ಇದು ಮುಂದೆ ಹೋಗುವುದು ವೇಗದಿಂದಲ್ಲ, ಗಾತ್ರದಿಂದ. ಹಡಗುಗಳ ತಳಕ್ಕೆ ನೀರಿನೊಳಗಿನಿಂದಲೇ ಹೊಡೆಯುವ ಆಸೆ ಹಳೆಯದು. ಉಗಿಹಡಗಿನ ರಾಬರ್ಟ್ ಫುಲ್ಟನ್ 1813ರ ಸುಮಾರಿಗೆ ಮುಳುಗಿದ ತೋಪುಗಳಿಂದ ಪ್ರಯೋಗ ನಡೆಸಿದ್ದ. ಸ್ವೀಡನ್ ಮೂಲದ ಎಂಜಿನಿಯರ್ ಜಾನ್ ಎರಿಕ್ಸನ್ 1878ರಲ್ಲಿ ಕಟ್ಟಿದ ಹಡಗಿನ ಮುಂಭಾಗದಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ತೋಪು ಕೂರಿಸಿದ್ದ, ಮತ್ತು ಅದರಿಂದ ಹಾರಿಸಲು ಆರಿಸಿಕೊಂಡದ್ದು ದುಂಡು ಗುಂಡನ್ನಲ್ಲ, ಟಾರ್ಪೆಡೊದಂಥ ಉದ್ದನೆಯ ಕಾಯವನ್ನು.

ಸೋವಿಯತ್ ವಿನ್ಯಾಸಕ ವ್ಲಾದಿಮಿರ್ ಸಿಮೊನೊವ್ 1970ರ ದಶಕದಲ್ಲಿ ಮುಳುಗುಸೈನಿಕರಿಗಾಗಿ ರೂಪಿಸಿದ ಎಪಿಎಸ್ ಎಂಬ ರೈಫಲಿನಲ್ಲಿ ಇದೇ ತತ್ತ್ವ ಕಾಣುತ್ತದೆ. ಅದರ ಗುಂಡು 5.66 ಮಿಲಿಮೀಟರ್ ದಪ್ಪ, 120 ಮಿಲಿಮೀಟರ್ ಉದ್ದದ ಉಕ್ಕಿನ ಕಡ್ಡಿ. ಉದ್ದ ಮತ್ತು ಸಾಂದ್ರತೆಯ ಗುಣಲಬ್ಧದಲ್ಲಿ ಅದು ನಮ್ಮ ಪಿಸ್ತೂಲ್ ಗುಂಡಿನ ಸುಮಾರು ಏಳು ಪಟ್ಟು. ತನ್ನ ದಪ್ಪದ ಇಪ್ಪತ್ತು ಪಟ್ಟು ಉದ್ದವಿರುವ ಕಡ್ಡಿಯನ್ನು ಗಿರಕಿಯಿಂದ ನೇರ ಹಿಡಿಯಲಾಗದು. ಆದ್ದರಿಂದ ನಳಿಗೆಯೊಳಗೆ ಸುರುಳಿಗೆರೆಗಳೇ ಇಲ್ಲ, ನಯವಾದ ಕೊಳವೆ. ಅದನ್ನು ನೇರ ಹಿಡಿಯುವುದು ಮೂತಿ. ಮತ್ತು ಆ ಮೂತಿ ಚೂಪಾಗಿಲ್ಲ, ಮೊಂಡಾಗಿದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇದು ಎಲ್ಲರ ನಿರೀಕ್ಷೆಗೆ ವಿರುದ್ಧವಾದದ್ದು. ಚಪ್ಪಟೆ ಮೂತಿಯ ಅಂಚಿನಲ್ಲಿ ನೀರು ಎಷ್ಟು ರಭಸದಿಂದ ಹೊರಕ್ಕೆ ಸಿಡಿಯುತ್ತದೆಂದರೆ ಅದು ಮರಳಿ ಕಡ್ಡಿಯ ಮೈಗೆ ಬಂದು ತಾಗಲಾರದು. ಒತ್ತಡ ಬಿದ್ದುಹೋದ ಆ ಜಾಗದಲ್ಲಿ ನೀರು ಕೋಣೆಯ ಉಷ್ಣತೆಯಲ್ಲೇ ಆವಿಯಾಗಿ, ಕಡ್ಡಿಯ ಸುತ್ತ ಉದ್ದನೆಯ ಟೊಳ್ಳು ಏರ್ಪಡುತ್ತದೆ. ನೀರು ತಾಗುವುದು ಮೂತಿಗೆ ಮಾತ್ರ. ಉಳಿದ ಮೈಯೆಲ್ಲ ಆವಿಯ ಗುಳ್ಳೆಯೊಳಗೆ ಸಾಗುತ್ತದೆ. ಆಗ ತಡೆಯ ಲೆಕ್ಕಕ್ಕೆ ಬರುವ ವಿಸ್ತೀರ್ಣ ಇಡೀ ಕಡ್ಡಿಯದಲ್ಲ, ಆ ಚಿಕ್ಕ ಮೂತಿಯದು. 20 ಗ್ರಾಂ ತೂಕದ ಕಡ್ಡಿಗೆ 2 ಮಿಲಿಮೀಟರ್ ಅಗಲದ ಚಪ್ಪಟೆ ಮೂತಿ ಇದೆಯೆಂದು ಭಾವಿಸಿ ಲೆಕ್ಕ ಹಾಕಿದರೆ, ಚಪ್ಪಟೆ ತಟ್ಟೆಯ ರೋಧಾಂಕ 0.8ರಷ್ಟು ಹೆಚ್ಚಿದ್ದರೂ, ವೇಗ ಅರ್ಧವಾಗಲು 10 ಮೀಟರಿಗೂ ಹೆಚ್ಚು ಬೇಕಾಗುತ್ತದೆ. ಕಡ್ಡಿ ಓರೆಯಾದರೆ ಅದರ ಬಾಲ ಟೊಳ್ಳಿನ ಗೋಡೆಗೆ ಬಡಿದು, ಗೋಡೆಯ ನೀರು ಅದನ್ನು ಮತ್ತೆ ಒಳಕ್ಕೆ ತಳ್ಳುತ್ತದೆ. ಹೀಗೆ ಆ ಕಡೆ ಈ ಕಡೆ ತಟ್ಟುತ್ತ ಅದು ನೇರ ಉಳಿಯುತ್ತದೆ.

ಮೊಂಡು ಮೂತಿಯ ಗುಣ ನೌಕಾಪಡೆಗಳಿಗೆ ಬೇರೆ ದಾರಿಯಿಂದ ತಿಳಿದಿತ್ತು. 1924ರಲ್ಲಿ ಜಪಾನೀಯರು ತೋಸಾ ಎಂಬ ಅಪೂರ್ಣ ಯುದ್ಧನೌಕೆಯ ಮೇಲೆ ಪರೀಕ್ಷೆ ನಡೆಸಿದಾಗ, ನೌಕೆಯನ್ನು ಮುಟ್ಟುವ ಮೊದಲೇ ನೀರಿಗೆ ಬಿದ್ದ ಗುಂಡೊಂದು ನೀರಿನಡಿಯಲ್ಲೇ ಸಾಗಿ ಒಡಲನ್ನು ಸೀಳಿತು. ಆಮೇಲೆ ಅವರು ರೂಪಿಸಿದ 91ನೆಯ ಮಾದರಿಯ ತೋಪುಗುಂಡಿಗೆ ಗಾಳಿಯಲ್ಲಿ ಸಾಗಲು ಚೂಪು ಟೋಪಿ ಇತ್ತು; ನೀರು ತಾಗಿದೊಡನೆ ಅದು ಕಳಚಿ ಚಪ್ಪಟೆ ತಲೆ ಹೊರಬರುತ್ತಿತ್ತು. 1942ರ ಅಕ್ಟೋಬರಿನಲ್ಲಿ ಕೇಪ್ ಎಸ್ಪೆರಾನ್ಸ್ ಕದನದಲ್ಲಿ ಅಮೆರಿಕದ ಬಾಯ್ಸಿ ನೌಕೆಗೆ ನೀರಿನ ಮಟ್ಟದ ಕೆಳಗೆ ಬಡಿದದ್ದು ಇಂಥ ಗುಂಡು.

ಟೊಳ್ಳಿಗೆ ಶತ್ರು ಆಳ. ಆಳ ಹೆಚ್ಚಿದಷ್ಟೂ ಸುತ್ತಲಿನ ನೀರಿನ ಒತ್ತಡ ಟೊಳ್ಳನ್ನು ಬೇಗ ಮುಚ್ಚುತ್ತದೆ. ಎಪಿಎಸ್ ರೈಫಲಿನ ಪರಿಣಾಮಕಾರಿ ದೂರ 5 ಮೀಟರ್ ಆಳದಲ್ಲಿ ಸುಮಾರು 30 ಮೀಟರ್, 20 ಮೀಟರ್ ಆಳದಲ್ಲಿ 20 ಮೀಟರ್, 40 ಮೀಟರ್ ಆಳದಲ್ಲಿ 10 ಮೀಟರಿನ ಆಸುಪಾಸು ಎಂದು ಹೇಳಲಾಗಿದೆ. 5 ಮೀಟರ್ ಆಳದಲ್ಲಿ ಒಟ್ಟು ಒತ್ತಡ ಒಂದೂವರೆ ವಾಯುಭಾರ, 40 ಮೀಟರಿನಲ್ಲಿ ಐದು. ಅನುಪಾತ ಮೂರಕ್ಕಿಂತ ತುಸು ಹೆಚ್ಚು. ಟೊಳ್ಳಿನ ಉದ್ದ ಸ್ಥೂಲವಾಗಿ ಒತ್ತಡದ ವಿಲೋಮಕ್ಕೆ ಅನುಗುಣವೆಂದು ಸಿದ್ಧಾಂತ ಹೇಳುವುದರಿಂದ, ದೂರವೂ ಮೂರನೆಯ ಒಂದು ಭಾಗಕ್ಕೆ ಇಳಿದಿರುವುದು ಸಹಜವಾಗಿದೆ. ಇದೇ ತತ್ತ್ವವನ್ನು ದೊಡ್ಡ ಗಾತ್ರದಲ್ಲಿ ಬಳಸಿದ ಸೋವಿಯತ್ ಶ್ಕ್ವಾಲ್ ಟಾರ್ಪೆಡೊ ರಾಕೆಟ್ಟಿನ ನೂಕಿನಿಂದ ಗಂಟೆಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. 1997ರಲ್ಲಿ ಅಮೆರಿಕದ ನೌಕಾ ಸಂಶೋಧಕರು ಹಾರಿಸಿದ ಚಪ್ಪಟೆ ಮೂತಿಯ ಕಾಯವೊಂದು ನೀರಿನಲ್ಲಿ ಸೆಕೆಂಡಿಗೆ 1,549 ಮೀಟರ್ ವೇಗ ಮುಟ್ಟಿ, ಅಲ್ಲಿನ ಶಬ್ದದ ವೇಗವನ್ನೇ ಮೀರಿತು.

ನೀರಿನೊಳಗಿನ ಸ್ಫೋಟದಿಂದ ಏಳುವ ಒತ್ತಡದ ಅಲೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಗುಂಡು ಎರಡು ಮೀಟರಿನಲ್ಲಿ ನಿಂತರೂ ಅಲೆ ನಿಲ್ಲುವುದಿಲ್ಲ. ನಮ್ಮ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನದೇ ಆಗಿರುವುದರಿಂದ ಅಲೆ ಚರ್ಮದಲ್ಲಿ ಪ್ರತಿಫಲಿಸದೆ ನೇರ ಒಳಗೆ ಬರುತ್ತದೆ, ಮತ್ತು ಗಾಳಿ ಇರುವ ಕಿವಿ, ಶ್ವಾಸಕೋಶ, ಕರುಳುಗಳ ಗೋಡೆಗಳಲ್ಲಿ ಹಾನಿ ಮಾಡುತ್ತದೆ. ಸಿಡಿಮದ್ದು ಎಸೆದು ಮೀನು ಹಿಡಿಯುವ ಅಕ್ರಮ ಪದ್ಧತಿಯಲ್ಲಿ ಮೀನುಗಳು ಚೂರು ತಗಲದೆಯೂ ಸಾಯುವುದು, ಅವುಗಳ ಹೊಟ್ಟೆಯೊಳಗಿನ ಗಾಳಿಚೀಲ ಹರಿದುಹೋಗುವುದರಿಂದ.

ಉಪನ್ಯಾಸದ ಬಳಿಕ ಯಾದಗಿರಿ ಕಡೆಯ ವಿದ್ಯಾರ್ಥಿಯೊಬ್ಬರು, ದಡದಲ್ಲಿ ನಿಂತು ಭೀಮಾ ನದಿಯೊಳಕ್ಕೆ ಹೊಡೆದರೆ ಈ ಲೆಕ್ಕ ಹೇಗೆ ಬದಲಾಗುತ್ತದೆ ಎಂದು ಕೇಳಿದರು. ಮೊದಲು ಗುರಿಯೇ ತಪ್ಪೀತು: ಬೆಳಕು ನೀರಿನಿಂದ ಹೊರಬರುವಾಗ ಬಾಗುವುದರಿಂದ ಮೀನು ಇರುವ ಜಾಗಕ್ಕಿಂತ ಮೇಲೆ ಕಾಣುತ್ತದೆ. ನೇರ ಮೇಲಿಂದ ನೋಡಿದರೂ ಆಳ ಮುಕ್ಕಾಲು ಭಾಗದಷ್ಟೇ ತೋರುತ್ತದೆ. ನೀರಿನ ಮೇಲ್ಮೈಗೆ 30 ಡಿಗ್ರಿ ಕೋನದಲ್ಲಿ ಹೊಡೆದ ಗುಂಡು ಒಂದು ಮೀಟರ್ ಆಳಕ್ಕೆ ಇಳಿಯಲು ಎರಡು ಮೀಟರ್ ನೀರನ್ನು ದಾಟಬೇಕು. ಕೋನ ಇನ್ನೂ ಕಿರಿದಾದರೆ ಗುಂಡು ಒಳಗೆ ಹೋಗುವುದೇ ಇಲ್ಲ. ದುಂಡು ಗುಂಡಿಗೆ ಆ ಮಿತಿಯನ್ನು ತಿಳಿಯಲು 18 ಡಿಗ್ರಿಯನ್ನು ಗುಂಡಿನ ಸಾಪೇಕ್ಷ ಸಾಂದ್ರತೆಯ (ನೀರಿಗಿಂತ ಎಷ್ಟು ಪಟ್ಟು ಸಾಂದ್ರ ಎಂಬುದರ) ವರ್ಗಮೂಲದಿಂದ ಭಾಗಿಸಬೇಕು: ಸೀಸಕ್ಕೆ ಸುಮಾರು 5.4 ಡಿಗ್ರಿ, ಉಕ್ಕಿಗೆ 6.4. ಅದಕ್ಕಿಂತ ಕೆಳಗಿನ ಕೋನದಲ್ಲಿ ಗುಂಡು ಜಿಗಿಯುತ್ತ ಸಾಗುತ್ತದೆ. ಹಿಂದಿನ ಹಡಗುಗಳ ತೋಪುಗಾರರು ಇದನ್ನು ಬಲ್ಲವರಾಗಿದ್ದರು, 1943ರ ಮೇ ತಿಂಗಳಲ್ಲಿ ಜರ್ಮನಿಯ ಅಣೆಕಟ್ಟುಗಳನ್ನು ಒಡೆದ, ಬ್ರಿಟಿಷ್ ಎಂಜಿನಿಯರ್ ಬಾರ್ನ್ಸ್ ವಾಲಿಸ್ ಅವರ ಬಾಂಬು ಜಿಗಿದದ್ದೂ ಹೀಗೆಯೇ. ಆ ವಿದ್ಯಾರ್ಥಿಗೆ ನಾನು ಕೊಟ್ಟ ಉತ್ತರವನ್ನೇ ಇಲ್ಲಿಯೂ ಬರೆಯುತ್ತೇನೆ: ಭೀಮೆಯ ನೀರಿನೊಳಗೆ ಕೆಲವೇ ಮೀಟರಿನಲ್ಲಿ ನಿಲ್ಲುವ ಅದೇ ಗುಂಡು, ಕೋನ ಐದು ಡಿಗ್ರಿಯೊಳಗಿದ್ದರೆ ನೀರನ್ನು ಸವರಿ ಮೇಲೆದ್ದು ಆಚೆ ದಡದಲ್ಲಿ ನಿಂತವರನ್ನು ಕೊಲ್ಲುವಷ್ಟು ವೇಗದಲ್ಲಿ ತಲುಪಬಲ್ಲದು.